ನಾಲ್ಕು ಫೋನು, ಒಂದು ಸಿಮ್ಮು

ಯಾವ ಫೋನ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು ಒಂದೇ: ಎಷ್ಟು ವರ್ಷ ಇಟ್ಕೊಳ್ಳೋ ಪ್ಲಾನು? ಮೂರೋ ನಾಲ್ಕೋ ವರ್ಷ ಅಂದರೆ ತಲೆನೋವೇ ಇಲ್ಲ. ಈಗ ಸ್ವಲ್ಪ ದುಡ್ಡು ಹಾಕಿ ಕೊಂಡ ಯಾವ ಫೋನೂ ಅಷ್ಟೊಂದು ಕೆಟ್ಟದಾಗಿರೋದಿಲ್ಲ. ಒಂದು ತಿಂಗಳಲ್ಲಿ ಕೈ ಅದಕ್ಕೇ ಹೊಂದಿಕೊಳ್ಳುತ್ತದೆ. ಆದರೆ ನನ್ನ ಹಾಗೆ ಫೋನ್ ಬದಲಾಯಿಸೋದೇ ಹವ್ಯಾಸ ಆದವರ ಲೆಕ್ಕ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುತ್ತೇನೆ, ಬಳಸುತ್ತೇನೆ, ಬೇಜಾರಾದಾಗ ಮಾರಿ ಇನ್ನೊಂದು ತರುತ್ತೇನೆ. ಪ್ರೊಸೆಸರ್ ಎಷ್ಟು ಫಾಸ್ಟು ಅನ್ನೋದು ನನಗೆ ಆಮೇಲಿನ ಮಾತು. ಈ ಫೋನಿಗೆ ಬರೋದು ಎಷ್ಟು ಸಲೀಸು, ಇದನ್ನು ಬಿಟ್ಟು ಹೋಗೋದು ಎಷ್ಟು ಸಲೀಸು, ಇದೇ ಮೊದಲು. ವಿಮರ್ಶೆಗಳಲ್ಲಿ ಬರೋದರ ಬಗ್ಗೆ ಒಂದೆರಡು ಸಾಲು ಸಿಗುತ್ತದೆ. ಬಿಟ್ಟು ಹೋಗೋದರ ಬಗ್ಗೆ ಅದೂ ಇರೋದಿಲ್ಲ.

ಸದ್ಯ ನನ್ನ ಹತ್ತಿರ ಇರೋದು ನಾಲ್ಕು: ಆಪಲ್‌ನ ಐಫೋನ್ 15 ಪ್ರೊ, ಗೂಗಲ್‌ನ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24, ಒನ್‌ಪ್ಲಸ್ 12. ಮೊದಲ ಎರಡು 2023ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದವು. ಉಳಿದೆರಡು 2024ರ ಜನವರಿಯಲ್ಲಿ ಜಗತ್ತಿನ ಮಾರುಕಟ್ಟೆಗೆ ಇಳಿದವು. ಯಾವುದೂ ಹೊಸದಲ್ಲ, ಅದೇ ಇವುಗಳ ಗುಣ. ಆರಂಭದ ಗದ್ದಲ ಮುಗಿದಿದೆ, ಅಪ್‌ಡೇಟ್‌ಗಳು ಬಂದು ಒಂದು ಹದಕ್ಕೆ ನಿಂತಿವೆ, ಬಳಸಿದ ಫೋನುಗಳು ಬೇಕಾದಷ್ಟು ಸಿಗುತ್ತವೆ. ಸಿಮ್ಮು ಮಾತ್ರ ಒಂದೇ. ಅದು ಯಾವುದರಲ್ಲಿ ಇರುತ್ತದೋ ಆ ವಾರ ಅದೇ ನನ್ನ ಫೋನು.

ಕೈಯಿಂದಲೇ ಶುರು ಮಾಡೋಣ. ಐಫೋನ್ 15 ಪ್ರೊ 187 ಗ್ರಾಂ. ಪಿಕ್ಸೆಲ್ 8 ಕೂಡ 187 ಗ್ರಾಂ. ತೂಕದಲ್ಲಿ ಇಬ್ಬರೂ ಸಮಸಮ. ಆದರೆ ಕಣ್ಣು ಮುಚ್ಚಿ ಒಂದೊಂದು ಕೈಗೆ ಒಂದೊಂದು ಕೊಡಿ, ಐಫೋನೇ ಭಾರ ಅನ್ನುತ್ತೀರಿ. ಕಾರಣ ಸರಳ. ಪಿಕ್ಸೆಲ್ 150.5 ಮಿ.ಮೀ. ಉದ್ದ, 8.9 ಮಿ.ಮೀ. ದಪ್ಪ, ಐಫೋನ್ 146.6 ಉದ್ದ, 8.25 ದಪ್ಪ. ಅಷ್ಟೇ ತೂಕವನ್ನು ಚಿಕ್ಕ ಜಾಗದಲ್ಲಿ ಅಡಕಿದ್ದಾರೆ, ಹಾಗಾಗಿ ಗಟ್ಟಿ ಅನ್ನಿಸುತ್ತದೆ. ಕೆಲವರಿಗೆ ಈ ಗಟ್ಟಿತನವೇ ಇಷ್ಟ. ನನಗೆ ಇಷ್ಟವಾಗಿದ್ದು ಎಸ್24. 167 ಗ್ರಾಂ, 7.6 ಮಿ.ಮೀ. ಜೇಬಿನಲ್ಲಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು. ಒನ್‌ಪ್ಲಸ್ 12 ಬೇರೆ ಜಾತಿಯದು: 6.82 ಇಂಚಿನ ಪರದೆ, 220 ಗ್ರಾಂ. ಮಲಗಿಕೊಂಡು ಓದುವವರು ಒಮ್ಮೆ ಯೋಚಿಸಿ. ಕೆಳಗಿನ ಅಂಚನ್ನು ಕಿರುಬೆರಳ ಮೇಲೆ ಕೂರಿಸಿ ಹಿಡಿಯುವ ಅಭ್ಯಾಸ ಇದ್ದರೆ ಆ ಬೆರಳಿನಲ್ಲಿ ಗುಳಿ ಬೀಳೋದು ಖಂಡಿತ.

ಅದರ ಪರದೆಯ ಅಂಚು ಬಾಗಿರೋದು ಇನ್ನೊಂದು ಸಮಸ್ಯೆ. ನೋಡೋಕೆ ಚೆಂದ. ಆದರೆ ಸ್ಕ್ರೀನ್ ಗಾರ್ಡ್ ಹಾಕಿಸಬೇಕು ಅಂದರೆ ಮಾಮೂಲಿ ಗಾಜು ಅಂಚಿನಲ್ಲಿ ಕೂರೋದಿಲ್ಲ. ಅಂಟುದ್ರವ ಸುರಿದು ಯುವಿ ಲೈಟಿನಲ್ಲಿ ಒಣಗಿಸುವ ಗಾಜು ಬೇಕು, ಇಲ್ಲಾಂದ್ರೆ ತೆಳು ಫಿಲ್ಮು. ಮುಂದೆ ಮಾರುವ ಉದ್ದೇಶ ಇರುವವರಿಗೆ ಗೀರಿಲ್ಲದ ಪರದೆ ಅಂದರೆ ದುಡ್ಡು. ಉಳಿದ ಮೂರೂ ಚಪ್ಪಟೆ, ಐದು ನಿಮಿಷದ ಕೆಲಸ.

ಬಟನ್‌ಗಳ ವಿಷಯ ಯಾರೂ ಬರೆಯೋದಿಲ್ಲ, ಬದಲಾಯಿಸುವವರಿಗೆ ಮಾತ್ರ ಗೊತ್ತಾಗುವ ಕಾಟ ಅದು. ಪಿಕ್ಸೆಲ್‌ನಲ್ಲಿ ಪವರ್ ಬಟನ್ ಮೇಲೆ, ವಾಲ್ಯೂಮ್ ಅದರ ಕೆಳಗೆ. ಗ್ಯಾಲಕ್ಸಿಯಲ್ಲಿ ಉಲ್ಟಾ, ವಾಲ್ಯೂಮ್ ಮೇಲೆ, ಪವರ್ ಕೆಳಗೆ. ಎರಡೂ ಬಲಗಡೆಯೇ. ಒಂದರಿಂದ ಇನ್ನೊಂದಕ್ಕೆ ಹೋದ ಮೊದಲ ದಿನಗಳಲ್ಲಿ ಸ್ಕ್ರೀನ್ ಆಫ್ ಮಾಡೋಕೆ ಹೋಗಿ ಸೌಂಡ್ ಕಮ್ಮಿ ಮಾಡೋದು, ಸೌಂಡ್ ಜಾಸ್ತಿ ಮಾಡೋಕೆ ಹೋಗಿ ಫೋನನ್ನೇ ಲಾಕ್ ಮಾಡೋದು ನಡೆದೇ ಇರುತ್ತದೆ. ಐಫೋನ್ ಇಲ್ಲಿ ಜಾಣ. ವಾಲ್ಯೂಮ್ ಎಡಗಡೆ, ಪವರ್ ಬಲಗಡೆ, ಗೊಂದಲಕ್ಕೆ ಜಾಗವೇ ಇಲ್ಲ.

ಆದರೆ ಅದೇ ಐಫೋನ್ 15 ಪ್ರೊನಲ್ಲಿ, 2007ರ ಮೊದಲ ಐಫೋನಿನಿಂದ ಬಂದ ಸೈಲೆಂಟ್ ಸ್ವಿಚ್ಚನ್ನು ತೆಗೆದು ಆ್ಯಕ್ಷನ್ ಬಟನ್ ಇಟ್ಟರು. ಏನು ಬೇಕೋ ಅದನ್ನು ಅದಕ್ಕೆ ಕೊಡಬಹುದು: ಕ್ಯಾಮೆರಾ, ಟಾರ್ಚು, ಶಾರ್ಟ್‌ಕಟ್ಟು. ಕೆಲಸ ಜಾಸ್ತಿ ಮಾಡುತ್ತದೆ, ಒಪ್ಪಿದೆ. ಆದರೆ ಈಗ ಸೈಲೆಂಟಲ್ಲಿ ಇದೆಯಾ ಅಂತ ಬೆರಳಿಗೆ ಗೊತ್ತಾಗೋದಿಲ್ಲ. ಒನ್‌ಪ್ಲಸ್ 12ರ ಎಡ ಅಂಚಿನ ಸ್ಲೈಡರ್ ನೋಡಿ. ಮೂರು ಮೆಟ್ಟಿಲು: ರಿಂಗ್, ವೈಬ್ರೇಟ್, ಸೈಲೆಂಟ್. ಮೇಲ್ಮೈ ಸಣ್ಣದಾಗಿ ಗರಗರ ಇದೆ, ಹಾಗಾಗಿ ಜೇಬಿನೊಳಗೇ ಹೆಬ್ಬೆರಳು ಹುಡುಕಿಕೊಳ್ಳುತ್ತದೆ. ಮೀಟಿಂಗಿಗೆ ಹೋಗುವಾಗ ಫೋನ್ ಹೊರಗೆ ತೆಗೆಯದೆ ಎರಡು ಸಲ ಟಕ್ ಟಕ್, ಮುಗೀತು. ಬೇರೆ ಫೋನಿಗೆ ಹೋದಾಗ ನಾನು ಹೆಚ್ಚು ನೆನೆಸಿಕೊಳ್ಳೋದು ಈ ಸ್ಲೈಡರನ್ನೇ. ಇಷ್ಟು ಸಣ್ಣ ವಸ್ತುವನ್ನು ಎಲ್ಲರೂ ಯಾಕೆ ಹಾಕೋದಿಲ್ಲವೋ.

ಹಿಂದಕ್ಕೆ ಹೋಗುವ ಸನ್ನೆಯೂ ಹೀಗೇ. 2019ರ ಆಂಡ್ರಾಯ್ಡ್ 10ರಿಂದ ಎಡದಿಂದ ಎಳೆದರೂ ಸೈ, ಬಲದಿಂದ ಎಳೆದರೂ ಸೈ, ಹಿಂದಕ್ಕೆ ಹೋಗುತ್ತದೆ. ಐಫೋನಿನಲ್ಲಿ ಮೊದಲಿನಿಂದಲೂ ಎಡ ಅಂಚಿನ ರೂಢಿ. ಬಲಗೈಯಲ್ಲಿ ಹಿಡಿದವರ ಹೆಬ್ಬೆರಳಿಗೆ ಎಡ ಅಂಚೇ ದೂರ, ಅಲ್ವಾ?

ಫೋನ್ ತೆರೆಯೋದರಲ್ಲಿ ನಾಲ್ಕೂ ಬೇರೆ ಬೇರೆ. ಐಫೋನ್ ಮುಖವನ್ನು ಇನ್‌ಫ್ರಾರೆಡ್‌ನಲ್ಲಿ ನೋಡುವುದರಿಂದ ಕತ್ತಲಲ್ಲೂ ತೆರೆಯುತ್ತದೆ. ಪಿಕ್ಸೆಲ್ 8 ಕೂಡ ಮುಖ ಗುರುತಿಸುತ್ತದೆ, ದುಡ್ಡು ಕಳಿಸೋಕೂ ಸಾಕಾಗುವಷ್ಟು ಭದ್ರ ಅಂತ ಆಂಡ್ರಾಯ್ಡ್ ಒಪ್ಪಿಕೊಂಡ ದರ್ಜೆಯದು. ಆದರೆ ಅದು ಮಾಮೂಲಿ ಸೆಲ್ಫಿ ಕ್ಯಾಮೆರಾದಿಂದ ಮಾಡುವ ಕೆಲಸ, ದೀಪ ಆರಿಸಿದ ಮೇಲೆ ಬೆರಳೇ ಗತಿ. ಬೆರಳಿನ ವಿಷಯಕ್ಕೆ ಬಂದರೆ ಪಿಕ್ಸೆಲ್ 8, ಒನ್‌ಪ್ಲಸ್ 12 ಎರಡರಲ್ಲೂ ಇರೋದು ಬೆಳಕಿನಿಂದ ಓದುವ ಸೆನ್ಸರ್. ಎಸ್24ರದ್ದು ಅಲ್ಟ್ರಾಸಾನಿಕ್, ಶಬ್ದದ ಅಲೆಯಿಂದ ಬೆರಳಿನ ಗೆರೆ ಓದುತ್ತದೆ. ಪಾತ್ರೆ ತೊಳೆದು ಅರ್ಧ ಒರೆಸಿದ ಕೈಯಲ್ಲಿ ಮುಟ್ಟಿ ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ರಾತ್ರಿ ಕತ್ತಲಲ್ಲಿ ಕಣ್ಣಿಗೆ ಫಳ್ ಅಂತ ಬೆಳಕು ಹೊಡೆಯೋದಿಲ್ಲ ಅನ್ನೋದು ಇನ್ನೊಂದು ಸುಖ.

ಈಗ ನಿಜವಾದ ವಿಷಯಕ್ಕೆ ಬರೋಣ.

ಹೊಸ ಫೋನಿಗೆ ಸಾಮಾನು ಸಾಗಿಸೋಕೆ ಎಲ್ಲರೂ ಒಂದೊಂದು ಆಪ್ ಕೊಟ್ಟಿದ್ದಾರೆ. ಆಪಲ್‌ನದ್ದು ಮೂವ್ ಟು ಐಓಎಸ್, ಗೂಗಲ್‌ನದ್ದು ಆಂಡ್ರಾಯ್ಡ್ ಸ್ವಿಚ್ (ಮೊದಲು ಸ್ವಿಚ್ ಟು ಆಂಡ್ರಾಯ್ಡ್ ಅಂತಿತ್ತು), ಸ್ಯಾಮ್‌ಸಂಗ್‌ನದ್ದು ಸ್ಮಾರ್ಟ್ ಸ್ವಿಚ್. ಹೆಸರುಗಳನ್ನೇ ನೋಡಿ. ಮೂರೂ ಒಂದೇ ದಿಕ್ಕಿನವು, "ನಮ್ಮ ಕಡೆ ಬನ್ನಿ" ಅನ್ನುವವು. ಸ್ಮಾರ್ಟ್ ಸ್ವಿಚ್ ಬೇರೆ ಫೋನಿನಿಂದ ಗ್ಯಾಲಕ್ಸಿಗೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಹಳೇ ಗ್ಯಾಲಕ್ಸಿಯಿಂದ ಹೊಸ ಗ್ಯಾಲಕ್ಸಿಗೆ ಅಂತೂ ಹೋಮ್ ಸ್ಕ್ರೀನಿನ ಐಕಾನ್‌ಗಳು ಕೂತ ಜಾಗದ ಸಮೇತ. ಆದರೆ ಗ್ಯಾಲಕ್ಸಿಯಿಂದ ಪಿಕ್ಸೆಲ್‌ಗೆ ಹೋಗ್ತೀನಿ ಅಂದರೆ ಅದರ ಉಪಯೋಗ ಇಲ್ಲ, ಗೂಗಲ್ ಬ್ಯಾಕಪ್ ಹಿಡಿದುಕೊಂಡೇ ಹೋಗಬೇಕು.

ಐಫೋನಿನಿಂದ ಐಫೋನಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಬಿಟ್ಟರೆ ಮುಕ್ಕಾಲು ಕೆಲಸ ತಾನಾಗೇ ಆಗುತ್ತದೆ. ಆಪ್‌ಗಳ ಜೊತೆ ಅವುಗಳ ಒಳಗಿನ ಡೇಟಾ, ಸೆಟ್ಟಿಂಗ್ಸ್ ಎಲ್ಲ ಬರುತ್ತವೆ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಆಪ್‌ಗಳು ಬರುತ್ತವೆ, ಫೋಟೋ, ಎಸ್ಸೆಮ್ಮೆಸ್, ಕಾಲ್ ಹಿಸ್ಟರಿ ಬರುತ್ತವೆ, ಆದರೆ ಎಷ್ಟೋ ಆಪ್‌ಗಳು ಹೊಸದಾಗಿ ಲಾಗಿನ್ ಕೇಳುತ್ತವೆ. ಒಂದೊಂದಕ್ಕೂ ಪಾಸ್‌ವರ್ಡು, ಓಟಿಪಿ. ಬ್ಯಾಂಕಿನ ಆಪ್‌ಗಳಿಗೆ ಪ್ರತಿ ಹೊಸ ಫೋನೂ ಅಪರಿಚಿತ. ಅದು ಸರಿಯೇ, ಹಾಗೇ ಇರಬೇಕು. ಆದರೂ ಒಂದು ಸಂಜೆ ಅದಕ್ಕೇ ಹೋಗುತ್ತದೆ.

ಆಪ್‌ಗಳ ಪೈಕಿ ವಾಟ್ಸಾಪ್‌ಗೆ ಬೇರೆಯೇ ಪ್ಯಾರಾ ಬೇಕು. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನಿನಲ್ಲಿ ಐಕ್ಲೌಡ್‌ಗೆ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಓದೋಕೆ ಬರೋದಿಲ್ಲ. ದಾಟಿಸೋಕೆ ದಾರಿ ಇದೆ: ಐಫೋನಿನಿಂದ ಆಂಡ್ರಾಯ್ಡ್‌ಗೆ ಕೇಬಲ್ ಹಾಕಿ, ಆಂಡ್ರಾಯ್ಡ್‌ನಿಂದ ಐಫೋನಿಗೆ ಮೂವ್ ಟು ಐಓಎಸ್ ಮೂಲಕ. ಈ ಎರಡೂ ದಾರಿ ಹೊಸ ಫೋನನ್ನು ಸೆಟಪ್ ಮಾಡುವ ಹೊತ್ತಿಗೆ ಅಂತ ಮಾಡಿದ್ದು. "ಮೊದಲು ಫೋನ್ ನೋಡ್ತೀನಿ, ಚಾಟ್ ಆಮೇಲೆ ತರ್ತೀನಿ" ಅಂದುಕೊಂಡರೆ ರಿಸೆಟ್ ಮಾಡಿ ಮೊದಲಿನಿಂದ ಶುರು ಮಾಡಬೇಕಾದೀತು.

ಪದೇ ಪದೇ ಬದಲಾಯಿಸುವವರಿಗೆ ನನ್ನ ಸಲಹೆ: ದಾಟಿಸಲೇ ಬೇಡಿ. 2023ರ ಏಪ್ರಿಲ್‌ನಿಂದ ಒಂದೇ ವಾಟ್ಸಾಪ್ ಖಾತೆಯನ್ನು ಇನ್ನೊಂದು ಫೋನಿಗೂ ಲಿಂಕ್ ಮಾಡಬಹುದು, ಮುಖ್ಯ ಫೋನು ಬಿಟ್ಟು ಇನ್ನೂ ನಾಲ್ಕು ಸಾಧನಗಳವರೆಗೆ. ಮುಖ್ಯ ಖಾತೆ ಒಂದು ಫೋನಿನಲ್ಲಿ ಸ್ಥಿರವಾಗಿರಲಿ. ನಂದು ಪಿಕ್ಸೆಲ್‌ನಲ್ಲಿದೆ. ಉಳಿದವಕ್ಕೆ ಕ್ಯೂಆರ್ ಸ್ಕ್ಯಾನ್ ಮಾಡಿ ಲಿಂಕ್. ಒಂದು ಷರತ್ತು ಇದೆ: ಮುಖ್ಯ ಫೋನನ್ನು 14 ದಿನಕ್ಕಿಂತ ಜಾಸ್ತಿ ಮುಟ್ಟದೆ ಇಟ್ಟರೆ ಲಿಂಕ್ ಆದವೆಲ್ಲ ಲಾಗ್‌ಔಟ್ ಆಗುತ್ತವೆ. ಹಾಗಾಗಿ ಅದನ್ನು ಡ್ರಾಯರ್‌ನಲ್ಲಿ ಮರೆತುಬಿಡೋ ಹಾಗಿಲ್ಲ, ಆಗಾಗ ಚಾರ್ಜ್ ಮಾಡಿ ಒಮ್ಮೆ ತೆರೆದು ನೋಡಬೇಕು.

ಬಿಟ್ಟು ಹೋಗುವ ಕೆಲಸ ಐಫೋನಿನಲ್ಲಿ ಹೆಚ್ಚು. ಮೊದಲು ಐಮೆಸೇಜ್ (ಐಫೋನ್‌ಗಳ ನಡುವೆ ಓಡಾಡುವ ಆಪಲ್‌ನ ಮೆಸೇಜ್ ಸೇವೆ) ಆಫ್ ಮಾಡಬೇಕು. ಮಾಡದಿದ್ದರೆ ಐಫೋನ್ ಇರುವ ಗೆಳೆಯರು ಕಳಿಸುವ ಮೆಸೇಜು ಹಳೇ ಫೋನಿನ ಖಾತೆಗೇ ಹೋಗುತ್ತಿರುತ್ತವೆ, ನಿಮಗೆ ಸುಳಿವೂ ಸಿಗೋದಿಲ್ಲ. ಫೋನ್ ಕೈಬಿಟ್ಟ ಮೇಲೆ ನೆನಪಾದವರಿಗೆ ಆಪಲ್‌ನ ವೆಬ್ ಪುಟವೊಂದಿದೆ, ನಂಬರ್ ಹಾಕಿ ತೆಗೆಸಬಹುದು. ಆಮೇಲೆ ಕಳೆದ ಫೋನ್ ಹುಡುಕಿಕೊಡುವ ಫೈಂಡ್ ಮೈ ಆಫ್. ಅದು ಆನ್ ಇದ್ದರೆ ಆ್ಯಕ್ಟಿವೇಶನ್ ಲಾಕ್ ಉಳಿಯುತ್ತದೆ, ಕೊಂಡವರ ಕೈಯಲ್ಲಿ ಫೋನ್ ಬರೀ ಗಾಜಿನ ತುಂಡು. 2013ರಲ್ಲಿ ಐಓಎಸ್ 7ರ ಜೊತೆ ಬಂದ ಬೀಗ ಅದು, ಕಳ್ಳರಿಗೆ ಅಂತ ಹಾಕಿದ್ದು. ಆಂಡ್ರಾಯ್ಡ್‌ನಲ್ಲೂ 2015ರಿಂದ ಇಂಥದ್ದೇ ಒಂದು ಬೀಗ ಇದೆ. ಸೆಟ್ಟಿಂಗ್ಸ್ ಒಳಗಿನಿಂದ ಪಿನ್ ಹಾಕಿ ರಿಸೆಟ್ ಮಾಡಿದರೆ ಬಿಚ್ಚಿಕೊಳ್ಳುತ್ತದೆ. ಫೋನ್ ಆನ್ ಆಗುವ ಮೊದಲೇ ಬಟನ್ ಒತ್ತಿ ತೆರೆಯುವ ರಿಕವರಿ ಮೆನುವಿನಿಂದ ಮಾಡಿದರೆ ಹಳೇ ಗೂಗಲ್ ಖಾತೆ ಕೇಳುತ್ತದೆ. ಬಳಸಿದ ಫೋನ್ ಕೊಳ್ಳುವವರು ಅದಕ್ಕೇ ಮಾರುವವರ ಎದುರಿಗೇ ಸೆಟಪ್ ಪರದೆ ದಾಟಿಸಿ ನೋಡಬೇಕು. ಒಮ್ಮೆ ಒಬ್ಬರು "ಮನೆಗೆ ಹೋಗಿ ಆನ್ ಮಾಡ್ಕೊಳ್ಳಿ, ಏನೂ ಆಗಲ್ಲ" ಅಂದರು. ನಾನು ಅಲ್ಲೇ ಆನ್ ಮಾಡಿದೆ, ಹಳೇ ಖಾತೆ ಕೇಳಿತು, ಫೋನ್ ವಾಪಸ್ ಕೊಟ್ಟು ಬಂದೆ.

ವಾಚ್ ಇದ್ದರಂತೂ ಇನ್ನೂ ಕಷ್ಟ. ಆಪಲ್ ವಾಚ್ ಐಫೋನ್ ಬಿಟ್ಟು ಬೇರೆ ಫೋನಿನ ಜೊತೆ ಸೇರೋದಿಲ್ಲ. ಗ್ಯಾಲಕ್ಸಿ ವಾಚ್ ಕೂಡ 2021ರ ವಾಚ್ 4ರಿಂದ ಆಂಡ್ರಾಯ್ಡ್‌ಗೆ ಮಾತ್ರ. ನಾನು ಮುಳ್ಳಿನ ಗಡಿಯಾರ ಕಟ್ಟೋಕೆ ಶುರು ಮಾಡಿದ್ದು ಸ್ಟೈಲಿಗೆ ಅಲ್ಲ, ಇದೇ ಕಾರಣಕ್ಕೆ. ಎರಡು ಹಂತದ ಲಾಗಿನ್ ಕೋಡ್‌ಗಳೂ ಎಲ್ಲಾ ಕಡೆ ತೆರೆಯುವ ಆಪ್‌ನಲ್ಲೇ ಇರಲಿ. ಗೂಗಲ್ ಅಥೆಂಟಿಕೇಟರ್‌ಗೆ ಖಾತೆ ಜೊತೆ ಸಿಂಕ್ ಆಗುವ ಸೌಲಭ್ಯ ಬಂದಿದ್ದೇ 2023ರಲ್ಲಿ. ಅಲ್ಲಿಯವರೆಗೆ ಪ್ರತಿ ಸಲ ಕ್ಯೂಆರ್ ತೋರಿಸಿ ದಾಟಿಸಬೇಕಿತ್ತು.

ಕ್ಯಾಮೆರಾಕ್ಕೆ ನನ್ನದೊಂದು ಪರೀಕ್ಷೆ ಇದೆ. ಕಿಟಕಿಗೆ ಬೆನ್ನು ಮಾಡಿ ಒಬ್ಬರನ್ನು ಕೂರಿಸೋದು, ಹೊರಗೆ ಬಿಸಿಲು, ಒಳಗೆ ದೀಪ ಇಲ್ಲ. ನಾಲ್ಕರಲ್ಲೂ ಒಂದರ ಹಿಂದೆ ಒಂದು ತೆಗೆಯೋದು. ಎಸ್24 ಮುಖವನ್ನು ಬೆಳಗಿಸಿ, ಹೊರಗಿನ ಮರಕ್ಕೂ ಒಂದಿಷ್ಟು ಹಸಿರು ಸೇರಿಸಿ, ನೋಡಿದ ತಕ್ಷಣ ಇಷ್ಟವಾಗುವ ಫೋಟೋ ಕೊಡುತ್ತದೆ. ಐಫೋನ್ ನೆರಳನ್ನೆಲ್ಲ ಎತ್ತಿ ಎಲ್ಲಾ ಕಡೆ ಸಮ ಬೆಳಕು ಮಾಡುತ್ತದೆ, ಸ್ವಲ್ಪ ಸಪ್ಪೆ. ಪಿಕ್ಸೆಲ್ ನೆರಳನ್ನು ನೆರಳಾಗಿಯೇ ಬಿಡುತ್ತದೆ. ಕೆನ್ನೆಯ ಒಂದು ಬದಿ ಕಪ್ಪಗೆ, ಇನ್ನೊಂದು ಬದಿಯಲ್ಲಿ ಕೂದಲಿನ ಎಳೆಗಳ ಮೇಲೆ ಬೆಳಕು, ಮೈಬಣ್ಣ ಇದ್ದ ಹಾಗೇ. ನನಗೆ ಅದೇ ಸರಿ ಅನ್ನಿಸೋದು. ಮನೆಯವರಿಗೆ ತೋರಿಸಿದರೆ ಎಸ್24ದ್ದನ್ನೇ ಆರಿಸುತ್ತಾರೆ, ಬೇಕಾದರೆ ನೀವೂ ತೋರಿಸಿ ನೋಡಿ.

ಒನ್‌ಪ್ಲಸ್ 12ರ ಗಮ್ಮತ್ತು ಅದರ 64 ಮೆಗಾಪಿಕ್ಸೆಲ್‌ನ 3ಎಕ್ಸ್ (ಮೂರು ಪಟ್ಟು ಹತ್ತಿರ ತರುವ) ಲೆನ್ಸಿನಲ್ಲಿದೆ. ಮುಖದ ಫೋಟೋಗೆ ನಾಲ್ಕರಲ್ಲಿ ಅದೇ ಮೇಲು. ಎಸ್24, ಐಫೋನ್ 15 ಪ್ರೊ ಎರಡರಲ್ಲೂ 3ಎಕ್ಸ್ ಇದೆ, ಪಿಕ್ಸೆಲ್ 8ರಲ್ಲಿ ಪ್ರತ್ಯೇಕ ಜೂಮ್ ಲೆನ್ಸೇ ಇಲ್ಲ. ದೂರದ ಹಕ್ಕಿ ಹಿಡಿಯೋ ಆಸೆ ಇದ್ದರೆ ಪಿಕ್ಸೆಲ್ 8 ಮರೆತುಬಿಡಿ. ಹೂವಿನ ಒಳಗಿನ ಪರಾಗ ಹಿಡಿಯೋ ಆಸೆ ಇದ್ದರೆ ಎಸ್24 ಮರೆತುಬಿಡಿ, ತೀರಾ ಹತ್ತಿರದ ಫೋಟೋಗೆ ಬಳಸುವ ಅಲ್ಟ್ರಾವೈಡ್ (ಅಗಲ ನೋಟದ) ಲೆನ್ಸಿಗೆ ಅದರಲ್ಲಿ ಆಟೋಫೋಕಸ್ ಇಲ್ಲ. ವೀಡಿಯೋಗೆ ಐಫೋನ್. ಇದರಲ್ಲಿ ಚರ್ಚೆಯೇ ಬೇಡ. ನಡೆದುಕೊಂಡು ತೆಗೆದರೂ ಲೆನ್ಸ್ ಬದಲಾದದ್ದು ಗೊತ್ತಾಗೋದಿಲ್ಲ, ದೊಡ್ಡ ಫೈಲುಗಳನ್ನು ನೇರವಾಗಿ ಹೊರಗಿನ ಎಸ್‌ಎಸ್‌ಡಿಗೇ ರೆಕಾರ್ಡ್ ಮಾಡಬಹುದು. ಬಿಟ್ಟು ಹೋಗುವವರು ಒಂದು ನೆನಪಿಡಿ: ಐಫೋನ್ ಮಾಮೂಲಿಯಾಗಿ ಎಚ್‌ಇಐಸಿ ರೂಪದಲ್ಲಿ ಫೋಟೋ ಉಳಿಸುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೊದಲೇ ಜೆಪೆಗ್‌ಗೆ ತಿರುಗಿಸಿ ಇಟ್ಟರೆ ಆಮೇಲೆ ಹಳೇ ಕಂಪ್ಯೂಟರ್ ಮುಂದೆ ಕೂತು ಪರದಾಡೋದು ತಪ್ಪುತ್ತದೆ.

ಬ್ಯಾಟರಿಯನ್ನು ಮೊದಲ ವಾರ ಅಳೆಯೋಕೇ ಹೋಗಬೇಡಿ. ಹೊಸದಾಗಿ ಸೆಟಪ್ ಆದ ಫೋನು ಹಿಂದೆ ಕೂತು ಫೋಟೋಗಳನ್ನೆಲ್ಲ ಜಾಲಾಡುತ್ತಿರುತ್ತದೆ, ಆಪ್‌ಗಳನ್ನು ಇಳಿಸುತ್ತಿರುತ್ತದೆ, ನೀವು ಯಾವ ಆಪ್ ಜಾಸ್ತಿ ತೆರೀತೀರಿ ಅಂತ ಕಲಿಯುತ್ತಿರುತ್ತದೆ. ಬಿಸಿಯೂ ಆಗುತ್ತದೆ. ಪದೇ ಪದೇ ಬದಲಾಯಿಸುವವರು ಯಾವಾಗಲೂ ಈ ಕೆಟ್ಟ ವಾರದಲ್ಲೇ ಬದುಕುತ್ತಿರುತ್ತಾರೆ, ಅದಕ್ಕೇ ನಮ್ಮಂಥವರ ಬ್ಯಾಟರಿ ದೂರುಗಳನ್ನು ಪೂರ್ತಿ ನಂಬಬೇಡಿ. ಆ ವಾರ ದಾಟಿದ ಮೇಲೆ ನನ್ನ ಅನುಭವಕ್ಕೆ ಒನ್‌ಪ್ಲಸ್ ಎಲ್ಲರಿಗಿಂತ ಮುಂದೆ: 5400 ಎಂಎಎಚ್, 100 ವ್ಯಾಟ್ ಚಾರ್ಜಿಂಗ್. ಮುಖ ತೊಳೆದು, ಬಟ್ಟೆ ಹಾಕಿಕೊಂಡು, ತಿಂಡಿ ತಿಂದು ಏಳುವಷ್ಟರಲ್ಲಿ ತುಂಬಿರುತ್ತದೆ. ಎಸ್24ರ 4000 ಎಂಎಎಚ್, 25 ವ್ಯಾಟ್ ಅದರ ಮುಂದೆ ಚಿಕ್ಕದು. ಪಿಕ್ಸೆಲ್ 4575 ಎಂಎಎಚ್, ಚಾರ್ಜ್ ನಿಧಾನ.

ಆದರೆ ಒನ್‌ಪ್ಲಸ್‌ನ ಆ ವೇಗ ಬೇಕು ಅಂದರೆ ಅದರದ್ದೇ ಅಡಾಪ್ಟರ್, ಅದರದ್ದೇ ಕೇಬಲ್ ಬೇಕು. ಉಳಿದ ಮೂರಕ್ಕೆ ನನ್ನ ಹತ್ತಿರ ಇರುವ ಒಂದು ಮಾಮೂಲಿ ಯುಎಸ್‌ಬಿ-ಸಿ ಚಾರ್ಜರ್ ಸಾಕು. 15 ಸರಣಿಯಿಂದ ಐಫೋನ್ ಕೂಡ ಯುಎಸ್‌ಬಿ-ಸಿಗೆ ಬಂದಿದ್ದು ನಮ್ಮಂಥವರಿಗೆ ದೊಡ್ಡ ಹಬ್ಬ. ಬ್ಯಾಗಿನಲ್ಲಿ ಒಂದೇ ಕೇಬಲ್. ಬಳಸಿದ ಫೋನ್ ಕೊಳ್ಳುವವರಿಗೆ ಇನ್ನೊಂದು ಅನುಕೂಲ: 15 ಸರಣಿಯಲ್ಲಿ ಬ್ಯಾಟರಿ ಎಷ್ಟು ಸುತ್ತು ಚಾರ್ಜ್ ಆಗಿದೆ ಅನ್ನೋದು ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ. ಎಸ್24 ಕೊಳ್ಳುವಾಗ ಪ್ರೊಸೆಸರ್ ನೋಡಿ, ಕೆಲವು ದೇಶಗಳಲ್ಲಿ ಎಕ್ಸಿನೋಸ್ 2400, ಕೆಲವೆಡೆ ಸ್ನ್ಯಾಪ್‌ಡ್ರಾಗನ್ 8 ಜೆನ್ 3.

ರಾತ್ರಿ ಬೆಳಕು ಕಮ್ಮಿ ಮಾಡಿ ಓದಿದರೆ ಕಣ್ಣು ನೋಯುವವರು ಇದ್ದಾರೆ. ಓಎಲ್‌ಇಡಿ ಪರದೆ ಬೆಳಕು ಕಮ್ಮಿ ಮಾಡೋದು ಬೇಗ ಬೇಗ ಆರಿಸಿ ಹೊತ್ತಿಸಿ. ಒನ್‌ಪ್ಲಸ್ 12 ಅದನ್ನು ಸೆಕೆಂಡಿಗೆ 2160 ಸಲ ಮಾಡುತ್ತದೆ, ಉಳಿದವು ಅದಕ್ಕಿಂತ ತುಂಬಾ ನಿಧಾನ. ನನಗೆ ವ್ಯತ್ಯಾಸ ತಿಳಿಯೋದಿಲ್ಲ. ತಿಳಿಯುವವರಿಗೆ ಇದೊಂದೇ ಸಾಕು ನಿರ್ಧಾರ ಮಾಡೋಕೆ.

ಏಳು ವರ್ಷದ ಅಪ್‌ಡೇಟ್ ಅಂತ ಪಿಕ್ಸೆಲ್ 8, ಎಸ್24 ಎರಡೂ ಮಾತು ಕೊಟ್ಟಿವೆ. ಒನ್‌ಪ್ಲಸ್ 12ಕ್ಕೆ ನಾಲ್ಕು ಆಂಡ್ರಾಯ್ಡ್ ಆವೃತ್ತಿ, ಐದು ವರ್ಷ ಸೆಕ್ಯೂರಿಟಿ ಪ್ಯಾಚು. ನಾನೇ ಏಳು ವರ್ಷ ಇಟ್ಕೊಳ್ಳೋನಲ್ಲ, ನನಗ್ಯಾಕೆ ಅದು? ಆದರೆ ನನ್ನ ಕೈಯಿಂದ ಕೊಳ್ಳುವವರಿಗೆ ಬೇಕು. ಅವರಿಗೆ ಬೇಕಾದ್ದರಿಂದ ಮಾರುವಾಗ ನನಗೂ ಒಳ್ಳೆ ಬೆಲೆ ಸಿಗುತ್ತದೆ.

ಇಷ್ಟೆಲ್ಲ ಆದಮೇಲೆ ನನ್ನ ತೀರ್ಮಾನ. ಹೆಚ್ಚು ದಿನ ಒಂದೇ ಫೋನಿನಲ್ಲಿ ನೆಲೆಸುವವರು ಎಸ್24 ಅಥವಾ ಐಫೋನ್ 15 ಪ್ರೊ ತಗೊಳ್ಳಿ, ವೀಡಿಯೋ ಬೇಕಾದವರು ಐಫೋನೇ. ಚಾರ್ಜರ್ ಹುಡುಕೋದೇ ಬೇಜಾರು ಅನ್ನುವವರಿಗೆ, ದೊಡ್ಡ ಪರದೆ ಇಷ್ಟಪಡುವವರಿಗೆ ಒನ್‌ಪ್ಲಸ್. ನನ್ನ ಹಾಗೆ ಓಡಾಡುವವರಿಗೆ ಪಿಕ್ಸೆಲ್ 8. ಒಂದೇ ಗೂಗಲ್ ಖಾತೆ, ಅದರ ಮೇಲೆ ಇನ್ನೊಂದು ಕಂಪನಿಯ ಖಾತೆಯ ಕಾಟ ಇಲ್ಲ. ಏನಾದರೂ ಕಿತಾಪತಿ ಮಾಡಿ ಹಾಳಾದರೂ ಬ್ರೌಸರ್‌ನಲ್ಲೇ ನಡೆಯುವ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್‌ನಿಂದ ಮೂಲ ಸಾಫ್ಟ್‌ವೇರ್ ಮತ್ತೆ ಹಾಕಬಹುದು. ಜೂಮ್ ಇಲ್ಲ, ಚಾರ್ಜ್ ನಿಧಾನ. ಎರಡನ್ನೂ ಸಹಿಸಿಕೊಂಡಿದ್ದೇನೆ. ಮುಂದಿನ ತಿಂಗಳು ಮಾರೋದು ಒನ್‌ಪ್ಲಸ್ 12 ಅಂತ ಸದ್ಯಕ್ಕೆ ಅಂದುಕೊಂಡಿದ್ದೇನೆ. ಸ್ಲೈಡರ್ ಇರುವ ಚಿಕ್ಕ ಫೋನ್ ಯಾವುದಾದರೂ ಸಿಕ್ಕರೆ ಎಸ್24 ಕೂಡ.